ಸದ್ದು ಮಾಡದ ಬಿಜಾಗರಿ

ನಮ್ಮೂರಲ್ಲಿ ಸತ್ತವರಿಗಾಗಿ ಮನುಷ್ಯರು ಅಳುವಂತಿಲ್ಲ. ಬಾಗಿಲು ಅಳಬೇಕು.

ಈ ಕಟ್ಟಳೆ ಮಾಡಿದವರು ಯಾರೋ, ಯಾವ ಕಾಲದವರೋ, ನಮಗೆ ತಿಳಿಯದು. ಹೆಣವನ್ನು ಅಂಗಳದಲ್ಲಿ ಮಲಗಿಸುತ್ತೇವೆ. ಒಬ್ಬರು ಹೊರಗೆ ನಿಂತು ಬಾಗಿಲು ತಳ್ಳುತ್ತಾರೆ. ಸತ್ತವರು ಬದುಕಿದ್ದಾಗ ಹೇಗೆ ತಳ್ಳುತ್ತಿದ್ದರೋ ಹಾಗೆಯೇ ತಳ್ಳಬೇಕು. ಬಾಗಿಲು ಒಂದು ಸಲ ಕಿರುಗುಟ್ಟುತ್ತದೆ. ಆ ಸದ್ದು ಅಡಗಿದ ಮೇಲೆ ಆ ಜೀವ ಹೋಯಿತೆಂದು ಊರು ಒಪ್ಪುತ್ತದೆ. ಅಲ್ಲಿಯವರೆಗೆ ಅವರು ಎಲ್ಲೋ ಹೋಗಿದ್ದಾರೆ, ಬರುತ್ತಾರೆ, ಅಷ್ಟೆ. ಹೊತ್ತು ಮುಳುಗುವುದರೊಳಗೆ ಬಾಗಿಲು ಅಳದಿದ್ದರೆ ಆ ಹೆಣಕ್ಕೆ ನಮ್ಮ ಮಣ್ಣಿಲ್ಲ. ಹಳ್ಳದಾಚೆ ಒಯ್ದು ಹೂತು, ಗುಡ್ಡೆ ಹಾಕದೆ, ಕಲ್ಲು ನೆಡದೆ, ನೆಲ ಸಮ ಮಾಡಿ ಬರಬೇಕು. ಹಿಂತಿರುಗಿ ನೋಡಬಾರದು.

ಪರವೂರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರ ಊರಲ್ಲಿ ಬಾಗಿಲೆಂದರೆ ಬರೀ ಹಲಗೆ. ನಮ್ಮೂರಲ್ಲಿ ಒಬ್ಬೊಬ್ಬರು ತಳ್ಳಿದರೆ ಬಾಗಿಲು ಒಂದೊಂದು ಥರ ಕೂಗುತ್ತಿತ್ತು. ಅವಸರದವರ ಸದ್ದೇ ಬೇರೆ, ಸೋಮಾರಿಗಳ ಸದ್ದೇ ಬೇರೆ. ಜಗಳ ತೆಗೆಯಲು ಬಂದವರದಂತೂ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಒಳಗೆ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆಯೇ "ಬಾ, ಕೂತ್ಕೋ, ಕಾಲುನೋವು ಹೇಗಿದೆ?" ಎಂದು ಬಂದವರನ್ನು ಮಾತಾಡಿಸುತ್ತಿದ್ದಳು. "ಯಾರು?" ಎಂದು ಕೇಳುವ ಪದ್ಧತಿಯೇ ನಮ್ಮೂರಲ್ಲಿ ಇರಲಿಲ್ಲ.

ಇಂಥ ಊರನ್ನು ಸುಮ್ಮನಾಗಿಸಿದವನು ಸಿಪಾಯಿ. ಅವನ ಬದುಕಿನ ಬಗ್ಗೆ, ಅವನನ್ನು ಮಣ್ಣು ಮಾಡಿದ ದಿನದ ಬಗ್ಗೆ ಹೇಳಬೇಕಾಗಿದೆ. ಹೇಳಲು ನನಗೇನೂ ಖುಷಿಯಿಲ್ಲ. ಅವನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅರ ಹಿಡಿದು ಕಬ್ಬಿಣ ಉಜ್ಜಿದವನು ನಾನು. ಅವನು ಮಾಡಿದ್ದರಲ್ಲಿ ನನ್ನ ಕೈಯೂ ಇದೆ.

ಒಂದಾನೊಂದು ಕಾಲದಲ್ಲಿ ಎಲ್ಲೋ ದೂರದಲ್ಲಿ ಯುದ್ಧ ನಡೆಯಿತು. ಯಾರ ಮೇಲೆ ಯಾರು ಎಂದು ಕೇಳಬೇಡಿ, ಹೋದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ನಮ್ಮೂರಿನಿಂದ ಇಬ್ಬರು ಹೋದರು. ಒಬ್ಬ ಕಮ್ಮಾರನ ಮಗ, ಮುಂದೆ ಸಿಪಾಯಿ ಎನಿಸಿಕೊಂಡವನು. ಇನ್ನೊಬ್ಬ ಎಣ್ಣೆ ಗಾಣದ ಮನೆಯವನು, ಗಾಣದವ್ವನ ಒಬ್ಬನೇ ಮಗ. ಚಿಕ್ಕಂದಿನಿಂದ ಇಬ್ಬರೂ ಜೊತೆಯಲ್ಲೇ ಉಂಡು, ಜೊತೆಯಲ್ಲೇ ಬೈಸಿಕೊಂಡು ಬೆಳೆದವರು. ಗಾಣದವ್ವನ ಮಗನ ಎರಡು ಕೈಯಲ್ಲೂ ಸದಾ ಏನಾದರೊಂದು ಇರುತ್ತಿತ್ತು. ಒಂದು ದಿನ ಕದ್ದ ಹುಣಸೆಕಾಯಿ, ಒಂದು ದಿನ ನಾಯಿಮರಿ, ಒಂದು ದಿನ ಎಣ್ಣೆಯ ಕೊಡ. ಅವನು ಮೊಣಕೈಯಿಂದ ಬಾಗಿಲನ್ನು ಅರ್ಧ ತಳ್ಳಿ, ನಿಂತು, ಆಮೇಲೆ ಮೊಣಕಾಲಿನಿಂದ ಮಿಕ್ಕರ್ಧ ತಳ್ಳುತ್ತಿದ್ದ. ಬಾಗಿಲು ಎರಡು ಸಲ ಕೂಗುತ್ತಿತ್ತು, ಒಮ್ಮೆ ಗಿಡ್ಡವಾಗಿ, ಒಮ್ಮೆ ಉದ್ದವಾಗಿ. ಕಮ್ಮಾರನ ಮಗ ಅವನ ಬೆನ್ನ ಹಿಂದೆ ನುಸುಳಿ ಒಳಗೆ ಬರುತ್ತಿದ್ದ.

ಯುದ್ಧದಿಂದ ಕಮ್ಮಾರನ ಮಗ ಒಬ್ಬನೇ ಬಂದ. "ಅವನೆಲ್ಲಿ?" ಎಂದು ಗಾಣದವ್ವ ಕೇಳಿದಳು. "ಹಿಂದೆ ಉಳ್ಕೊಂಡ, ಅವ್ವಾ," ಎಂದ. ಅಷ್ಟೇ ಹೇಳಿದ. ಹಿಂದೆ ಉಳಿದವನು ಮುಂದೆ ಬರಲೇಬೇಕಲ್ಲ ಎಂದುಕೊಂಡು ಅವಳು ಕಾಯಲು ಶುರು ಮಾಡಿದಳು.

ಊರಿಗೆ ಬಂದ ದಿನ ಸಿಪಾಯಿಯ ತಾಯಿ ಅವನನ್ನು ಕರೆದುಕೊಂಡು ಮನೆಯ ಬಾಗಿಲು ತಳ್ಳಿದಳು. ಬಾಗಿಲು ಎಂದಿನಂತೆ ಕೂಗಿತು. ಸಿಪಾಯಿ ಅಂಗಳದಲ್ಲಿ ದೊಪ್ಪನೆ ಮಕಾಡೆ ಬಿದ್ದು ತಲೆಯ ಮೇಲೆ ಕೈ ಹೊತ್ತುಕೊಂಡ. ನಾವು ಬೇಲಿಯಾಚೆ ನಿಂತು ನೋಡಿದೆವು. ಒಂದಿಬ್ಬರು ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ.

ಮಾರನೇ ದಿನ ಬೆಳಿಗ್ಗೆ ಅವನು ತನ್ನ ಮನೆಯ ಬಾಗಿಲನ್ನು ಕಳಚಿ ನೆಲದ ಮೇಲೆ ಮಲಗಿಸಿದ. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ಬಿಜಾಗರಿಗಳನ್ನು ಕಿತ್ತ. ಅಪ್ಪನ ಕುಲುಮೆ ಹೊತ್ತಿಸಿ ಹೊಸ ಬಿಜಾಗರಿ ಮಾಡಿದ, ಮುರಿದ, ಮತ್ತೆ ಮಾಡಿದ. ಆ ವರ್ಷವಿಡೀ ಮನೆ ಬಾಗಿಲಿಲ್ಲದೆ ಇತ್ತು. ಕೊನೆಗೆ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಹಿತ್ತಾಳೆಯ ಬಳೆ ಕೂಡಿಸಿ, ಎಣ್ಣೆ ನಿಲ್ಲಲು ಒಳಗೊಂದು ಸಣ್ಣ ಗುಳಿ ಕೊರೆದು, ಒಂದು ಜೊತೆ ಬಿಜಾಗರಿ ಮಾಡಿದ. ಅದರ ಮೇಲೆ ಬಾಗಿಲು ಕೂಡಿಸಿ ತಳ್ಳಿದ. ಸದ್ದೇ ಇಲ್ಲ. ಅವನು ಬಾಗಿಲ ಎದುರು ಕೂತು ಸಂಜೆಯವರೆಗೆ ಅದನ್ನು ತೆರೆದ, ಮುಚ್ಚಿದ, ತೆರೆದ, ಮುಚ್ಚಿದ.

ಊರಿನವರಿಗೆ ಅದು ಬಹಳ ಹಿಡಿಸಿತು. ಮಗು ಮಲಗಿಸಿದ ತಾಯಂದಿರು ಮೊದಲು ಬಂದರು. ಅತ್ತೆಯ ಕಣ್ಣು ತಪ್ಪಿಸಬೇಕಾದ ಸೊಸೆಯರು ಬಂದರು. ಕುಡಿದು ಮನೆ ಸೇರುವ ಗಂಡಸರು, ನಾನು ಹೆಸರು ಹೇಳುವುದಿಲ್ಲ, ಒಬ್ಬೊಬ್ಬರು ಎರಡೆರಡು ಜೊತೆ ಒಯ್ದರು. ಕುಲುಮೆ ಹೋಗಿ ಕೆಲಸದ ಕೊಟ್ಟಿಗೆಯಾಯಿತು, ಕೊಟ್ಟಿಗೆ ಹೋಗಿ ಹೊಗೆಕೊಳವೆಯಿರುವ ಕಾರ್ಖಾನೆಯಾಯಿತು. ನಮ್ಮಂಥ ಮೂವತ್ತು ಜನ ಅಲ್ಲಿ ಅನ್ನ ಕಂಡೆವು. ಸಿಪಾಯಿ ದೊಡ್ಡ ಮನುಷ್ಯನಾದ. ಮದುವೆಯಾಯಿತು, ಮಗಳೊಬ್ಬಳು ಹುಟ್ಟಿದಳು, ಹೆಂಡತಿ ತೀರಿಕೊಂಡಳು. ಯಾವ ಬಿಜಾಗರಿಯೂ ಅವನು ಕಿವಿ ಹಚ್ಚಿ ನೋಡದೆ ಕಾರ್ಖಾನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು, ಅದನ್ನು ಕಿವಿಯ ಹತ್ತಿರ ಮಡಚಿ ಬಿಚ್ಚುತ್ತಿದ್ದ. ಎಳೆಯಷ್ಟು ಸದ್ದು ಕೇಳಿದರೂ ಬೆಂಕಿಗೆ ಎಸೆಯುತ್ತಿದ್ದ.

ಹತ್ತು ವರ್ಷದಲ್ಲಿ ಊರಿನ ಬಾಗಿಲುಗಳೆಲ್ಲ ಮೂಕವಾದವು. ಜನ ಕೆಮ್ಮಿ ಒಳಗೆ ಬರುವುದನ್ನು ಕಲಿತರು. ಒಳಗಿನವರು ಬೆಚ್ಚಿ "ಯಾರು?" ಎನ್ನುವುದನ್ನು ಕಲಿತರು. ಅದನ್ನು ಸುಧಾರಣೆ ಎಂದೇ ನಾವು ತಿಳಿದಿದ್ದೆವು.

ಉಳಿದದ್ದು ಒಂದೇ ಬಾಗಿಲು, ಗಾಣದವ್ವನದು. ಎಣ್ಣೆ ಮಾರುವವಳ ಮನೆ, ಬಾಗಿಲಿಗೆ ಮಾತ್ರ ತೊಟ್ಟು ಎಣ್ಣೆ ಕಂಡಿದ್ದಿಲ್ಲ. ನಾವು ಅದನ್ನೂ ಆಡಿಕೊಂಡೆವು. ಆದರೆ ಸಾವು ಬಂದಾಗ ನಮಗೆ ಬೇರೆ ಗತಿಯಿರಲಿಲ್ಲ. ಹೆಣ ಹೊತ್ತು ಅವಳ ಅಂಗಳಕ್ಕೇ ಹೋಗುತ್ತಿದ್ದೆವು. ಎಣ್ಣೆಗೆಂದು ಊರೆಲ್ಲ ಅವಳ ಬಾಗಿಲು ತಳ್ಳಿದ್ದರಿಂದ ಒಬ್ಬೊಬ್ಬರ ಸದ್ದೂ ಅವಳಿಗೆ ನೆನಪಿತ್ತು. ಅವಳು ಸೆರಗು ಸಿಕ್ಕಿಸಿ, ಬಾಗಿಲ ಮುಂದೆ ನಿಂತು, ಸತ್ತವರ ಕೈ ತನ್ನ ಕೈಯೆಂಬಂತೆ ತಳ್ಳುತ್ತಿದ್ದಳು. ಕೇಳಿದವರು ಹೆಣದ ಕಡೆ ತಿರುಗಿ ನೋಡುತ್ತಿದ್ದರು. ಕಳೆದ ತಿಂಗಳು ಎಣ್ಣೆಗೆ ಬಂದವನೇ ಮತ್ತೆ ಬಂದು ನಿಂತ ಹಾಗೆ. ಒಂದು ಸದ್ದನ್ನು ಮಾತ್ರ ಅವಳು ಎಂದೂ ಮಾಡಲಿಲ್ಲ. ಅರ್ಧ ತಳ್ಳಿ, ನಿಂತು, ಮೊಣಕಾಲಿನಿಂದ ಮತ್ತೆ ತಳ್ಳುವ ಸದ್ದು. ಅದು ಬರಬೇಕಾದವನಿಗೆ ಮೀಸಲಾಗಿತ್ತು. ಹೀಗೆ ಇಡೀ ಊರಿನ ಅಳುವನ್ನು ಒಬ್ಬ ಮುದುಕಿಯ ತಲೆಗೆ ಕಟ್ಟಿ ನಾವು ಆರಾಮಾಗಿ ನಿದ್ದೆ ಮಾಡಿದೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪ್ರತಿ ವರ್ಷ ತಾನು ಯುದ್ಧದಿಂದ ಮರಳಿದ ದಿನ ಸಿಪಾಯಿ ಹಳೇ ಖಾಕಿ ಕೋಟು ಹಾಕಿಕೊಳ್ಳುತ್ತಿದ್ದ. ತಾನೇ ಕೈಯಾರೆ ಮಾಡಿದ ಒಂದು ಜೊತೆ ಬಿಜಾಗರಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಾಣದವ್ವನ ಮನೆಗೆ ಹೋಗುತ್ತಿದ್ದ. ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗೆ ನಿಂತು ಕರೆಯುತ್ತಿದ್ದ.

"ಅವ್ವಾ, ಬಿಜಾಗರಿ ತಂದಿದೀನಿ. ಹಾಕಿ ಕೊಡ್ಲಾ?"

"ಬೇಡಪ್ಪ. ನನ್ನ ಮಗ ಬಂದ್ರೆ ನನಗೆ ಗೊತ್ತಾಗೋದು ಬೇಡ್ವಾ?"

"ಸರಿ ಅವ್ವಾ."

"ಒಳಗೆ ಬಾ, ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಹೋಗು."

"ಇನ್ನೊಂದು ದಿನ ಬರ್ತೀನಿ ಅವ್ವಾ."

ಮೂವತ್ತೆಂಟು ವರ್ಷ ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅವಳು ಬೇಡವೆಂದ ಮೂವತ್ತೆಂಟು ಜೊತೆಯೂ ಕಾರ್ಖಾನೆಯ ಅಟ್ಟದ ಮೇಲೆ ಬಿಳಿ ಬಟ್ಟೆಯಲ್ಲೇ ಇದ್ದವು. ಕಾರ್ಖಾನೆಗೆ ಎಣ್ಣೆ ಬೇಕಾದರೆ ನಮ್ಮನ್ನು ಕಳಿಸುತ್ತಿದ್ದ, ತಾನು ಹೋಗುತ್ತಿರಲಿಲ್ಲ. ಮಗಳಿಗೂ ಆ ಮೆಟ್ಟಿಲು ಹತ್ತಬೇಡ ಎಂದು ಕಟ್ಟಪ್ಪಣೆ ಮಾಡಿದ್ದ. ದೊಡ್ಡವರಾದ ಮೇಲೆ ಇಂಥ ವಿಚಿತ್ರ ಬರುತ್ತದೆ ಎಂದುಕೊಂಡು ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಮೂವತ್ತೊಂಬತ್ತನೆಯ ಜೊತೆಯನ್ನು ಮಾಡಿ ಮುಗಿಸಿದ ವಾರದಲ್ಲೇ ಸಿಪಾಯಿ ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ಮಗಳನ್ನು ಹತ್ತಿರ ಕರೆದ. ನಾನು ನೀರಿನ ಲೋಟ ಹಿಡಿದು ಅಲ್ಲೇ ಇದ್ದೆ. ಹೊರಗೆ ಹೋಗು ಎನ್ನಲಿಲ್ಲ.

"ನಾನು ಹೋದ್ಮೇಲೆ ಗಾಣದವ್ವನ ಅಂಗಳಕ್ಕೆ ಒಯ್ತಾರೆ," ಎಂದ. "ಅವಳು ಬಾಗ್ಲು ತಳ್ಳೋಕೆ ಮೊದ್ಲು ನೀನು ಒಂದು ಮಾತು ಹೇಳ್ಬೇಕು."

"ಏನಪ್ಪಾ?"

"ಅವಳ ಮಗ ಹಿಂದೆ ಉಳ್ಕೊಂಡಿಲ್ಲ. ನಾನೇ ಕೊಂದೆ."

ನಾನು ಲೋಟ ಕೆಳಗಿಟ್ಟೆ. ಅವನು ಸೂರು ನೋಡುತ್ತ ಹೇಳಿದ. ಯುದ್ಧದಲ್ಲಿ ಇಬ್ಬರೂ ಒಂದು ಹಾಳುಮನೆಯಲ್ಲಿ ಕಾವಲಿದ್ದರು. ಆ ಮನೆಯ ಬಾಗಿಲು ಥೇಟ್ ಗಾಣದವ್ವನ ಬಾಗಿಲಿನಂತೆಯೇ ಕೂಗುತ್ತಿತ್ತು. ಗೆಳೆಯನಿಗೆ ಅದೊಂದು ಹುಚ್ಚೇ ಹಿಡಿಯಿತು. ದಿನಾ ಸಂಜೆ ಸುಮ್ಮಸುಮ್ಮನೆ ಇವನನ್ನೂ ಎಳೆದುಕೊಂಡು ಹೊರಗೆ ಹೋಗಿ, ಬಾಗಿಲು ತಳ್ಳಿಕೊಂಡು ಬಂದು, "ಕೇಳೋ, ಈಗ ಅವ್ವ ಕೈಕಾಲು ತೊಳ್ಕೋ ಅಂತಾಳೆ ನೋಡು," ಎಂದು ನಗುತ್ತಿದ್ದ. ಒಂದು ಸಂಜೆ ಅವನು ನೀರಿಗೆ ಹೋಗಿದ್ದ. ಇವನು ಬಂದೂಕು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ. ಬಾಗಿಲು ಕೂಗಿತು. ಇವನು ಗುಂಡು ಹಾರಿಸಿದ.

"ಎರಡು ಕೈಯಲ್ಲೂ ನೀರಿನ ಬಿಂದಿಗೆ ಇತ್ತು," ಎಂದ ಸಿಪಾಯಿ. "ಅರ್ಧ ತಳ್ಳಿ ನಿಂತಿದ್ದ. ಮಿಕ್ಕರ್ಧ ತಳ್ಳಲೇ ಇಲ್ಲ. ನಾನು ನಮ್ಮೂರಲ್ಲಿ ಹುಟ್ಟಿದೋನು ಮಗಳೇ, ಸದ್ದು ಕೇಳಿದ್ರೆ ಬಂದೋರು ಯಾರು ಅಂತ ಹೇಳೋ ಊರಲ್ಲಿ. ನನಗೆ ಅವನು ಗೊತ್ತಾಗ್ಲಿಲ್ಲ. ಆ ಸದ್ದನ್ನ ನಾನು ಯಾವಾಗ್ಲೂ ಅವನ ಬೆನ್ನ ಹಿಂದೆ ನಿಂತೇ ಕೇಳಿದ್ದೆ. ಒಳಗೆ ಕೂತೋರಿಗೆ ಹೇಗೆ ಕೇಳ್ಸುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಮಗಳು ಕೇಳಿದಳು: "ಹೇಳಿದ್ರೆ ಅವಳು ಬಾಗ್ಲು ತಳ್ಳದೇ ಇರಬಹುದಲ್ಲಪ್ಪ?"

"ಇರಬಹುದು."

"ಆಗ ನಿನ್ನನ್ನ ಹಳ್ಳದಾಚೆಗೆ..."

"ಅವನೂ ಹಾಗೇ ತಾನೇ ಇರೋದು, ಗುಡ್ಡೆ ಇಲ್ದೆ, ಕಲ್ಲಿಲ್ದೆ. ಕದ್ದ ಅಳು ನನಗೆ ಬೇಡ ಮಗಳೇ. ಹೇಳಿ ಕೇಳು."

ಬಿಸಿಲು ಏರುವ ಹೊತ್ತಿಗೆ ಅವನು ಹೋದ. ಮಗಳು ಖಾಕಿ ಕೋಟು ತೊಡಿಸಿದಳು.

ನಾನು ಬಾಯಿ ಬಿಗಿ ಹಿಡಿಯುವವನಲ್ಲ. ಹೆಣ ಎತ್ತುವ ಮೊದಲೇ ಊರ ಹಿರಿಯನಿಗೆ ಎಲ್ಲ ಹೇಳಿಬಿಟ್ಟೆ. ಅವನು ಮಗಳನ್ನು ಪಕ್ಕಕ್ಕೆ ಕರೆದ.

"ಮೊದ್ಲು ಮಣ್ಣಾಗ್ಲಿ ತಾಯೀ. ಹೇಳೋದಿದ್ರೆ ನಾಳೆ ಹೇಳು. ಮುದುಕಿ ಎಂದಿನ ಹಾಗೆ ಬಾಗ್ಲು ತಳ್ತಾಳೆ, ನಮ್ಮ ಕೆಲಸ ಆಗುತ್ತೆ."

"ಅಪ್ಪ ಹೇಳು ಅಂದಿದಾನೆ."

"ಸತ್ತೋನು ಬಂದು ಕೇಳ್ತಾನಾ?"

"ಹೌದು, ಹಿರಿಯರು ಹೇಳೋದು ಸರಿ," ಎಂದೆ ನಾನೂ. ಅವಳು ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಅವಳಪ್ಪನ ಅನ್ನ ಉಂಡವನು ನಾನು. ಅವಳಪ್ಪ ಹಳ್ಳದಾಚೆ ಹೋಗಬಾರದೆಂದೇ ಆ ಮಾತು ಆಡಿದ್ದೆ. ಆದರೂ ಆ ನೋಟ ಈಗಲೂ ಚುಚ್ಚುತ್ತದೆ.

ಗಾಣದವ್ವ ಅಂಗಳದಲ್ಲಿ ಸಿದ್ಧಳಾಗಿ ನಿಂತಿದ್ದಳು. ಹೆಣ ಇಳಿಸಿದೆವು. ಅವಳು ಹತ್ತಿರ ಬಂದು ಸಿಪಾಯಿಯ ಕೋಟಿನ ಗುಂಡಿಯೊಂದನ್ನು ಸರಿ ಮಾಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ತಿರುಗಿದಳು.

"ಅವ್ವಾ, ನಿಲ್ಲು," ಎಂದಳು ಮಗಳು.

ಅಪ್ಪ ಹೇಳಿದ್ದನ್ನೆಲ್ಲ ಅವಳು ಹೇಳಿದಳು. ಹಾಳುಮನೆ, ಬಾಗಿಲು, ಬಿಂದಿಗೆ, ಗುಂಡು. ಒಂದನ್ನೂ ಮೆದು ಮಾಡಲಿಲ್ಲ. ಅಂಗಳದಲ್ಲಿ ಇನ್ನೂರು ಜನರಿದ್ದೆವು. ಗಾಣದ ಎತ್ತು ಮೆಲುಕು ಹಾಕುವುದು ಕೇಳುತ್ತಿತ್ತು.

ಗಾಣದವ್ವ ಮೆಟ್ಟಿಲ ಮೇಲೆ ಕೂತಳು.

"ಆ ಬಾಗ್ಲು ನಮ್ಮ ಬಾಗ್ಲಿನ ಥರಾನೇ ಇತ್ತಾ?"

"ಹಾಗಂತ ಅಪ್ಪ ಹೇಳ್ದ."

"ದಿನಾ ತಳ್ತಿದ್ನಾ?"

"ದಿನಾ ಸಂಜೆ ತಳ್ತಿದ್ನಂತೆ. ಅವ್ವ ಈಗ ಕೈಕಾಲು ತೊಳ್ಕೋ ಅಂತಾಳೆ ಅಂತ ನಗ್ತಿದ್ನಂತೆ."

ಮುದುಕಿ ತಲೆ ಆಡಿಸಿದಳು. "ಅಂತಿದ್ದೆ. ನಾನು ಹಾಗೇ ಅಂತಿದ್ದೆ." ಆಮೇಲೆ ಹೆಣದ ಕಡೆ ನೋಡಿ, "ಮೂವತ್ತೆಂಟು ವರ್ಷ ಈ ಅಂಗಳದಲ್ಲಿ ನಿಂತು ಹೋದ್ಯಲ್ಲೋ," ಎಂದಳು. ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿತು. ತನಗಾಗಿ ತಳ್ಳಿದ ಸದ್ದು, ಮುಚ್ಚುವಾಗಿನ ಸದ್ದು ಅಳುವೆನಿಸುವುದಿಲ್ಲ.

ನಾವು ಕಾದೆವು. ನೆರಳು ಗಾಣ ದಾಟಿ ಬೇಲಿ ಮುಟ್ಟಿತು. ಯಾರೋ "ಅವ್ವಾ" ಎಂದು ಕರೆದರು, ಬಾಗಿಲು ತೆರೆಯಲಿಲ್ಲ. ಹಿರಿಯ ಹಲ್ಲು ಕಡಿದುಕೊಂಡು "ನಾನು ಹೇಳಿದ್ನಲ್ಲ" ಎಂದ. ಮಗಳು ಅಪ್ಪನ ತಲೆಯ ಹತ್ತಿರ ಕೂತೇ ಇದ್ದಳು. ಅವಳು ಅಳುವಂತಿರಲಿಲ್ಲ, ಅಳಲಿಲ್ಲ. ಹೊತ್ತು ಹಳ್ಳದ ಮೇಲಿನ ಮರಗಳಿಗೆ ಇಳಿದಾಗ ಹಿರಿಯ ಕೈಸನ್ನೆ ಮಾಡಿದ. ನಾವು ನಾಲ್ಕು ಜನ ಚಟ್ಟ ಎತ್ತಿ ಹಳ್ಳದ ಕಡೆ ತಿರುಗಿದೆವು. ಎದುರು ಸಿಕ್ಕವರು ದಾರಿ ಬಿಟ್ಟರು.

ಆಗ ಹಿತ್ತಿಲ ಕಡೆಯಿಂದ ಗಾಣದವ್ವ ಮನೆ ಸುತ್ತಿಕೊಂಡು ಬಂದಳು. ಎರಡು ಕೈಯಲ್ಲೂ ತುಂಬಿದ ಎಣ್ಣೆಯ ಕೊಡ ಹಿಡಿದಿದ್ದಳು. ಎಂಬತ್ತು ದಾಟಿದ ಮೈ, ನಡೆದರೆ ಎಣ್ಣೆ ತುಳುಕುತ್ತಿತ್ತು. ಯಾರೋ ಹಿಡಿದುಕೊಳ್ಳಲು ಮುಂದೆ ಬಂದರು.

"ಬಿಡಿ," ಎಂದಳು. "ಇವನು ನನ್ನ ಬಾಗ್ಲು ಯಾವತ್ತೂ ಮುಟ್ಟಿದೋನಲ್ಲ. ಚಿಕ್ಕಂದಿನಲ್ಲಿ ನನ್ನ ಮಗ ತಳ್ತಿದ್ದ, ಇವನು ಹಿಂದೆ ಬರ್ತಿದ್ದ. ಇವನ ಸದ್ದು ನನಗೆ ಗೊತ್ತಿಲ್ಲ. ಇವನು ನನ್ನ ಮನೆಗೆ ಬಂದಿದ್ದು ಒಂದೇ ಸದ್ದಲ್ಲಿ, ನನ್ನ ಮಗನ ಸದ್ದಲ್ಲಿ."

ನಮಗೆ ಅರ್ಥವಾಯಿತು. ಆ ಸದ್ದು ಮಾಡಿದರೆ ಅವಳ ಮಗ ಇನ್ನು ಬರುವವನಲ್ಲ, ಊರಿನ ಕಟ್ಟಳೆಯಂತೆ ಅವನು ಸತ್ತ. ಮೂವತ್ತೊಂಬತ್ತು ವರ್ಷ ಅವಳು ಕಾದುಕೊಂಡದ್ದು ಅಲ್ಲಿಗೆ ಮುಗಿಯಿತು. ಬೇಡ ಅವ್ವಾ ಎನ್ನಬೇಕೆನಿಸಿತು. ಹೆಗಲ ಮೇಲೆ ಚಟ್ಟವಿತ್ತು, ಎನ್ನಲಿಲ್ಲ.

ಅವಳು ಮೆಟ್ಟಿಲು ಹತ್ತಿದಳು. ಮೊಣಕೈಯಿಂದ ಬಾಗಿಲನ್ನು ಅರ್ಧ ತಳ್ಳಿದಳು. ಬಾಗಿಲು ಗಿಡ್ಡವಾಗಿ ಕೂಗಿತು. ಅವಳು ನಿಂತಳು. ಎಷ್ಟು ಹೊತ್ತು ನಿಂತಳೋ ತಿಳಿಯದು. ಆಮೇಲೆ ಮೊಣಕಾಲೆತ್ತಿ ಮಿಕ್ಕರ್ಧ ತಳ್ಳಿದಳು. ಬಾಗಿಲು ಉದ್ದಕ್ಕೆ ಅತ್ತಿತು. ನಮ್ಮ ಮೂಕ ಬಾಗಿಲುಗಳ ಬೀದಿಯ ತುಂಬ ಆ ಸದ್ದು ಹೋಯಿತು. ವಯಸ್ಸಾದವರೆಲ್ಲ ಅದನ್ನು ಗುರುತು ಹಿಡಿದು ತಲೆ ತಗ್ಗಿಸಿದರು.

ಒಳಗೆ ಕಾಲಿಟ್ಟ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬನ್ರೋ, ಇಬ್ರೂ ಕೈಕಾಲು ತೊಳ್ಕೊಳಿ," ಎಂದಳು.

ಸಿಪಾಯಿಯನ್ನು ನಮ್ಮ ಮಣ್ಣಿನಲ್ಲಿ ಹೂತೆವು. ಮಗಳು ಎರಡು ಗುಡ್ಡೆ ಹಾಕಿಸಿದಳು, ಎರಡು ಕಲ್ಲು ನೆಡಿಸಿದಳು. ಒಂದರ ಕೆಳಗೆ ಯಾರೂ ಇರಲಿಲ್ಲ. ಕಟ್ಟಳೆಯಲ್ಲಿ ಇಲ್ಲ ಎಂದು ಹಿರಿಯ ಗೊಣಗಿದ, ಆದರೆ ತಡೆಯಲಿಲ್ಲ.

ಒಂಬತ್ತು ದಿನ ಕಳೆದ ಮೇಲೆ ಮಗಳು ನನ್ನನ್ನು ಕರೆದುಕೊಂಡು ಗಾಣದವ್ವನ ಮನೆಗೆ ಹೋದಳು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು, ಅಪ್ಪ ಕೊನೆಯದಾಗಿ ಮಾಡಿದ ಮೂವತ್ತೊಂಬತ್ತನೆಯ ಜೊತೆ. ಬಾಗಿಲು ಮುಚ್ಚಿತ್ತು. ಅವಳು ಮೆಟ್ಟಿಲ ಕೆಳಗೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು.

"ಅವ್ವಾ, ಬಿಜಾಗರಿ ತಂದಿದೀನಿ. ಇನ್ನು ಹಾಕಿ ಕೊಡ್ಲಾ?"

ಒಳಗಿನಿಂದ ಮುದುಕಿಯ ದನಿ ಬಂತು. "ಹಾಕಿದ್ರೆ ನಾಳೆ ನಿಮಗೆಲ್ಲ ಅಳೋರು ಯಾರು? ಅದನ್ನ ಕೆಳಗಿಡು. ನೀನೂ ಯಾಕೆ ಅಲ್ಲೇ ನಿಂತೆ? ತಳ್ಕೊಂಡು ಬಾ."

ಮಗಳು ಗಂಟನ್ನು ಮೆಟ್ಟಿಲ ಮೇಲಿಟ್ಟಳು. ಅವಳು ಸದ್ದು ಮಾಡದ ಬಾಗಿಲುಗಳ ನಡುವೆ ಬೆಳೆದವಳು. ತನಗೂ ಒಂದು ಸದ್ದಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಅಂಗೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ನಿಧಾನವಾಗಿ, ಎಲ್ಲೂ ನಿಲ್ಲದೆ, ಕೊನೆಯವರೆಗೆ ತಳ್ಳಿದಳು. ಬಾಗಿಲು ತಗ್ಗಿದ ದನಿಯಲ್ಲಿ, ಕೇಳಿಸಿತೋ ಇಲ್ಲವೋ ಎನ್ನುವಂತೆ, ಉದ್ದಕ್ಕೂ ಮಿಡುಕಿತು.

ಗಾಣದವ್ವ ಒಲೆಯ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ. ಯಾರು ಎಂದು ಕೇಳಲಿಲ್ಲ. ಆ ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟಳು.

"ನಿಮ್ಮಪ್ಪನೂ ಹೀಗೇ ತಳ್ತಿದ್ನೇನೋ," ಎಂದಳು. ಒಲೆಗೆ ಒಂದು ಸೌದೆ ತಳ್ಳಿದಳು. "ಒಂದು ಸಲ ತಳ್ಳಿದ್ರೆ ಆಗ್ತಿತ್ತು. ನಾನು ಒಳಗೇ ಇದ್ನಲ್ಲ."